ಕೌದಿಯನ್ನು ಮಗುಚಿ ನೋಡಿ

ಕೊಡಗಿನಲ್ಲಿ ಕೌದಿ, ಅಂದರೆ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ, ಕೊಳ್ಳುವುದಿದ್ದರೆ ಬೇಸಿಗೆಯಲ್ಲೇ ಕೊಳ್ಳಿ. ಕಾಫಿ, ಮೆಣಸು ಒಣಗಿ ಚೀಲ ಸೇರಿರುತ್ತದೆ, ಕಣ ಖಾಲಿ ಇರುತ್ತದೆ. ತಂದದ್ದನ್ನು ಒಮ್ಮೆ ಒಗೆದು ಕಣದಲ್ಲಿ ಹರಡಿದರೆ ಬಣ್ಣ ಬಿಡುತ್ತದಾ, ಕುಗ್ಗುತ್ತದಾ, ಒಳಗಿನ ಪದರ ಮುದುಡುತ್ತದಾ ಎಲ್ಲ ಗೊತ್ತಾಗುತ್ತದೆ. ಜೂನ್ ಬಂತೆಂದರೆ ಆ ಅವಕಾಶ ಇಲ್ಲ. ದಪ್ಪ ಬಟ್ಟೆಯನ್ನು ಮಳೆಯಲ್ಲಿ ಒಣಗಿಸುವ ಪಾಡು ಸೋಮವಾರಪೇಟೆ, ಮಡಿಕೇರಿ, ಭಾಗಮಂಡಲದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ಕೌದಿ ನಮ್ಮ ಜಿಲ್ಲೆಯದ್ದಲ್ಲ. ಅದರ ತವರು ಧಾರವಾಡ, ಬೆಳಗಾವಿ, ವಿಜಯಪುರದ ಕಡೆ. ಅಲ್ಲಿನ ಹೆಂಗಸರು ಹಳೆ ಸೀರೆ, ಪಂಚೆ, ಅಂಗಿ, ಲಂಗದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಮೇಲಿಂದ ಕೆಳಗಿನವರೆಗೆ ಕೈಹೊಲಿಗೆ ಹಾಕಿ ಒಂದು ಮಾಡುತ್ತಾರೆ. ನಮ್ಮ ಕಡೆ ತೋಟಕ್ಕೆ, ಗದ್ದೆಗೆ ಹೋಗುವವರ ಮೈ ಮೇಲೆ ಇರುತ್ತಿದ್ದದ್ದು ಕಂಬಳಿ. ಆದರೂ ಈಗ ಸಂತೆಯಲ್ಲಿ, ಪ್ರವಾಸಿಗರು ಬರುವ ಅಂಗಡಿಗಳಲ್ಲಿ, ಮೇಳಗಳಲ್ಲಿ ಕೌದಿ ಸಿಗುತ್ತದೆ. ಜೊತೆಗೆ ಹತ್ತಿ ತುಂಬಿದ ಜೈಪುರಿ ರಜಾಯಿ, ಪಾಲಿಯೆಸ್ಟರ್ ತುಂಬಿದ ದಪ್ಪ ಹೊದಿಕೆಗಳೂ ಇರುತ್ತವೆ. ಮೂರಕ್ಕೂ ಹ್ಯಾಂಡ್‌ಮೇಡ್ ಎಂಬ ಒಂದೇ ಚೀಟಿ. ಬೆಲೆಯಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ.

ಹೊದಿಕೆಯ ಗುಣಮಟ್ಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೊಲಿಗೆಯಿಂದ ಶುರು ಮಾಡುತ್ತಾರೆ. ನಾನು ನೀರಿನಿಂದ ಶುರು ಮಾಡುತ್ತೇನೆ. ಇಲ್ಲಿ ಬದುಕುವವರಿಗೆ ಅದೇ ಮೊದಲನೆಯ ಪ್ರಶ್ನೆ.

ಹತ್ತಿ ಗಾಳಿಯಲ್ಲಿರುವ ತೇವವನ್ನು ಸುಮ್ನೆ ಇದ್ದಲ್ಲೇ ಹೀರಿಕೊಳ್ಳುತ್ತದೆ. ಗಾಳಿಯ ತೇವ 65 ಶೇಕಡ ಇದ್ದಾಗ ಹತ್ತಿ ತನ್ನ ಒಣ ತೂಕದ ಸುಮಾರು 8 ಶೇಕಡದಷ್ಟು ನೀರನ್ನು ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಇಟ್ಟುಕೊಳ್ಳುವುದು ಅರ್ಧ ಶೇಕಡಕ್ಕಿಂತ ಕಡಿಮೆ. ಅಂದರೆ ಎರಡು ಕಿಲೋ ತೂಗುವ ಹತ್ತಿಯ ಹೊದಿಕೆಯಲ್ಲಿ, ನಾವು ಒಣಗಿದೆ ಎಂದುಕೊಂಡಾಗಲೂ, ನೂರೈವತ್ತು ಗ್ರಾಂ ಆಸುಪಾಸು ನೀರು ಇರುತ್ತದೆ. ಜುಲೈನಲ್ಲಿ ಇಲ್ಲಿನ ಗಾಳಿಯ ತೇವ ದಿನಗಟ್ಟಲೆ ತೊಂಬತ್ತರ ಮೇಲೇ ಇರುತ್ತದೆ. ಆಗ ಹತ್ತಿ ಇನ್ನೂ ಜಾಸ್ತಿ ಹೀರುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ರಾತ್ರಿ ಹೊದಿಕೆ ಎಳೆದುಕೊಂಡರೆ ಮೊದಲು ಚಳಿಯೇ ಆಗುವುದು, ಹೊದಿಕೆ ಭಾರ ಅನ್ನಿಸುವುದು ಅದಕ್ಕೇ.

ಹಾಗಂತ ಪಾಲಿಯೆಸ್ಟರ್ ತಗೊಳ್ಳಿ ಎನ್ನುತ್ತಿಲ್ಲ. ಅದು ಬೇಗ ಒಣಗುತ್ತದೆ ನಿಜ. ಆದರೆ ಮೈಯ ಬೆವರು ಅದರೊಳಗೆ ಹೋಗದೆ ಮೈ ಮೇಲೇ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲಿನ ಗಳದಲ್ಲಿ. ಕಿಡಿ ಬಿದ್ದರೆ ಹತ್ತಿ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿಯ ಹತ್ತಿರ ಅದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹತ್ತಿ ತುಂಬಿದ ರಜಾಯಿ ಚಳಿಗಾಲದ ಒಣ ಊರಿಗೆ ಹೇಳಿ ಮಾಡಿಸಿದ್ದು. ಒಳ್ಳೆಯ ಜೈಪುರಿ ರಜಾಯಿಯ ಹಗುರ, ಅದರ ಅಚ್ಚಿನ ಬಣ್ಣ ಎಲ್ಲ ನನಗೂ ಇಷ್ಟ. ಆದರೆ ಕೊಡಗಿನ ಮಳೆಯಲ್ಲಿ ಅದರ ಮೇಲ್ಬಟ್ಟೆ ಒಣಗಿದರೂ ಒಳಗಿನ ಹತ್ತಿ ಹಸಿಯಾಗಿಯೇ ಉಳಿಯುತ್ತದೆ. ಬೂಷ್ಟು ಶುರುವಾಗುವುದು ಅಲ್ಲಿಂದ. ಹೊರಗೆ ಕಪ್ಪು ಚುಕ್ಕೆ ಕಾಣುವ ಹೊತ್ತಿಗೆ ಒಳಗಿನದು ಹೋಗಿರುತ್ತದೆ. ಕೌದಿಯಲ್ಲಿ ತುಂಬಿದ ಹತ್ತಿ ಇಲ್ಲ. ಬರೀ ಬಟ್ಟೆಯ ಪದರಗಳು. ಗಳದ ಮೇಲೆ ಹಾಕಿ ಆಗಾಗ ಮಗುಚುತ್ತಿದ್ದರೆ ಹೊಗೆ ಒಲೆಯ ಬಿಸಿಗೆ ಒಳಗಿನವರೆಗೂ ಒಣಗುತ್ತದೆ. ಮಳೆನಾಡಿಗೆ ಕೌದಿಯೇ ಸರಿ ಎಂದು ನಾನು ಹಟ ಹಿಡಿದು ಹೇಳುವುದು ಈ ಒಂದು ಕಾರಣಕ್ಕೆ.

ಇನ್ನು ಪದರ ಎಷ್ಟಿರಬೇಕು? ಮೂರರಿಂದ ಐದು ಸಾಕು. ಆರು ಏಳು ಪದರದ ದಪ್ಪ ಕೌದಿ ಕೆಳಗೆ ಹಾಸಲು ಚೆನ್ನ. ಹೊದೆಯಲು ತಗೊಂಡರೆ ಒದ್ದೆಯಾದಾಗ ಒಬ್ಬರಿಂದ ಹಿಂಡಲು ಆಗುವುದಿಲ್ಲ. ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ಅದು ನೀರು ಕುಡಿದರೆ ಬಾವಿಕಟ್ಟೆಯಿಂದ ತಂತಿಯವರೆಗೆ ನೀವೊಬ್ಬರೇ ಒಯ್ಯಬಲ್ಲಿರಾ ಎಂದು ಯೋಚಿಸಿ.

ಹೋದ ಬೇಸಿಗೆಯಲ್ಲಿ ನನ್ನ ನಾದಿನಿ ಫೋನಿನಲ್ಲಿ ಎರಡು ಫೋಟೋ ಕಳಿಸಿದಳು. ಅವಳ ಮಗಳು ಹೆರಿಗೆಗೆ ಬರುವವಳಿದ್ದಳು, ಮನೆಗೆ ಹೊಸ ಹೊದಿಕೆ ಬೇಕಿತ್ತು. "ಅತ್ತಿಗೆ, ಒಂದು ಅಂಗಡಿಯದ್ದು, ಒಂದು ಸಂತೆಯದ್ದು. ಎರಡೂ ಕೈಯಲ್ಲೇ ಹೊಲಿದದ್ದಂತೆ. ಯಾವುದು ತಗೊಳ್ಳಲಿ?" ಫೋಟೋದಲ್ಲಿ ಎರಡೂ ಚೆಂದವೇ. ಹಿಂಬದಿಯ ಫೋಟೋ ಕಳಿಸು ಎಂದೆ. ಅಂಗಡಿಯಲ್ಲಿ ಕವರ್ ಬಿಚ್ಚಲು ಬಿಡಲಿಲ್ಲವಂತೆ. ಬಿಚ್ಚಿ ತೋರಿಸದ ಹೊದಿಕೆಯನ್ನು ಕೊಳ್ಳಲೇಬೇಡ ಎಂದೆ. ಶುಕ್ರವಾರ ಮಡಿಕೇರಿ ಸಂತೆ. ಇಬ್ಬರೂ ಹೋದೆವು.

ಸಂತೆಯ ಒಂದು ಅಂಚಿನಲ್ಲಿ ಧಾರವಾಡದ ಕಡೆಯ ಒಬ್ಬ ಅಜ್ಜಿ ತಾಡಪಾಲು ಹಾಸಿ ಕೂತಿದ್ದರು. ನಾನು ಕೌದಿಯ ಮೂಲೆ ಎತ್ತಿ, ಕೇಳಲೋ ಬೇಡವೋ ಎಂದು ನಿಂತಿದ್ದಾಗ ಅವರೇ ಹೇಳಿದರು: "ಹೊಳ್ಳಿಸಿ ನೋಡ್ರಿ ಅಕ್ಕಾರ, ನಾ ಏನ್ ಬ್ಯಾಡ ಅನ್ನಂಗಿಲ್ಲ." ಅರ್ಧ ನೆಲದ ಮೇಲೆ, ಅರ್ಧ ನಾದಿನಿಯ ಕೈಯಲ್ಲಿ ಹಿಡಿದು ಪೂರ್ತಿ ಮಗುಚಿದೆವು.

ಹಿಂಬದಿ ಒಂದು ಹಳೆ ಇಳಕಲ್ ಸೀರೆ. ಮಾಸಿದ ನೀಲಿ. ಅದರ ಮೇಲೆ ಬಿಳಿ ದಾರದ ಸಾಲುಗಳು, ಬೆರಳಗಲದ ಅಂತರದಲ್ಲಿ. ಕೈಹೊಲಿಗೆಯಲ್ಲಿ ಸೂಜಿ ಕೆಳಗಿಳಿದು ಮೇಲೆ ಬರುತ್ತದೆ. ಅದಕ್ಕೆ ಎರಡೂ ಬದಿಯಲ್ಲಿ ಒಂದು ಹೊಲಿಗೆ, ಒಂದು ಖಾಲಿ ಜಾಗ, ಮತ್ತೆ ಒಂದು ಹೊಲಿಗೆ ಹೀಗೆ ಕಾಣುತ್ತದೆ. ಮೆಷಿನ್ ಹೊಲಿಗೆಯಲ್ಲಿ ಎರಡು ದಾರ ಇರುವುದರಿಂದ ಎರಡೂ ಬದಿ ಬಿಡದೆ ಒಂದೇ ಗೆರೆ. ಇಷ್ಟು ಗೊತ್ತಿದ್ದರೆ ಹ್ಯಾಂಡ್‌ಮೇಡ್ ಚೀಟಿಯನ್ನು ನಂಬುವ ಅಗತ್ಯವೇ ಬರುವುದಿಲ್ಲ. ತುಂಡುಗಳನ್ನು ಮೆಷಿನ್ನಿನಲ್ಲಿ ಜೋಡಿಸಿ ಪದರಗಳನ್ನು ಕೈಯಲ್ಲಿ ಹೊಲಿಯುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಹಾಗೆಂದು ಹೇಳಿ ಮಾರಿದರೆ ಆಯಿತು.

ಅಜ್ಜಿಯ ಹೊಲಿಗೆ ಎಲ್ಲ ಒಂದೇ ಅಳತೆ ಇರಲಿಲ್ಲ. ಒಂದು ಕಡೆ ಸಾಲು ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗಿತ್ತು. ಅದನ್ನು ನಾನು ದೋಷ ಎಂದು ನೋಡುವುದಿಲ್ಲ. ನಾನು ನೋಡಿದ್ದು ಬೇರೆ. ಕಿರುಬೆರಳ ತುದಿಯನ್ನು ಹೊಲಿಗೆಯ ಕೆಳಗೆ ತೂರಿಸಲು ಹೋದೆ, ಹೋಗಲಿಲ್ಲ. ಹೋಗಿದ್ದರೆ ದಾರ ಸಡಿಲ ಎಂದು ಅರ್ಥ. ಸಡಿಲ ಹೊಲಿಗೆಗೆ ರಾತ್ರಿ ಕಾಲುಂಗುರ ಸಿಕ್ಕಿಕೊಳ್ಳುತ್ತದೆ, ಒಂದೆಳೆ ಎಳೆದರೆ ಸಾಲೇ ಬಿಚ್ಚಿ ಬರುತ್ತದೆ. ದಾರ ತೀರಾ ಬಿಗಿ ಇದ್ದರೂ ಕಷ್ಟ. ಬಟ್ಟೆ ಸುಕ್ಕುಗಟ್ಟಿ ನಿಲ್ಲುತ್ತದೆ, ನೀರಿಗೆ ಹಾಕಿ ಹಿಂಡಿದಾಗ ದಾರ ಪಟ್ಟನೆ ಹರಿಯುತ್ತದೆ. ಕೌದಿಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಡ್ಡಕ್ಕೆ ಎಳೆದರೆ ಬಟ್ಟೆ ಚಪ್ಪಟೆಯಾಗಬೇಕು, ಆದರೆ ದಾರ ಕಿರ್ ಎನ್ನಬಾರದು.

ಆಮೇಲೆ ಗಂಟು. ದಾರ ಮುಗಿದಲ್ಲಿ ಏನು ಮಾಡಿದ್ದಾರೆ ಎಂದು ಹುಡುಕಿ. ಕೌದಿಯ ಆಯಸ್ಸು ಗೊತ್ತಾಗುವುದು ಅಲ್ಲಿ. ಸಾಲು ಮುಗಿದಲ್ಲಿ ಬರೀ ಗಂಟು ಹಾಕಿ ಕತ್ತರಿಸಿದ್ದರೆ ಒಗೆದಂತೆ ಒಗೆದಂತೆ ಅದು ಜಾರುತ್ತದೆ. ಅಜ್ಜಿ ಬಂದ ದಾರಿಯಲ್ಲೇ ಎರಡು ಮೂರು ಹೊಲಿಗೆ ಹಿಂದಕ್ಕೆ ಹೋಗಿ, ದಾರದ ಬಾಲವನ್ನು ಪದರಗಳ ನಡುವೆ ತೂರಿಸಿ ಬಿಟ್ಟಿದ್ದರು. ಹೊಸ ದಾರ ಶುರುವಾದ ಜಾಗ ಹುಡುಕಲು ನಾನು ಕನ್ನಡಕ ಹಾಕಬೇಕಾಯಿತು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಬ್ಬರು ಅಷ್ಟು ಕಾಳಜಿಯಿಂದ ಕೆಲಸ ಮಾಡಿದ್ದು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಬೆಲೆ ಕೇಳಿ ನಾದಿನಿ ಚೌಕಾಸಿಗೆ ಇಳಿದಳು. ನಾನು ಅವಳನ್ನು ಬದಿಗೆ ಕರೆದು ಲೆಕ್ಕ ಹೇಳಿದೆ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿ. ಇಂಚಿಗೊಂದು ಸಾಲು ಎಂದರೆ 60 ಸಾಲು. ಒಂದೊಂದು ಸಾಲು 84 ಇಂಚು. ಇಂಚಿಗೆ ನಾಲ್ಕೇ ಹೊಲಿಗೆ ಎಂದರೂ ಒಟ್ಟು 20,160 ಹೊಲಿಗೆ. ನಿಮಿಷಕ್ಕೆ ಹತ್ತು ಹೊಲಿಗೆ ಹಾಕುತ್ತಾರೆ ಎಂದುಕೊಂಡರೆ 33 ಗಂಟೆಗೂ ಜಾಸ್ತಿ. ದಿನಕ್ಕೆ ಎಂಟು ಗಂಟೆ ತಲೆ ಎತ್ತದೆ ಹೊಲಿದರೆ ನಾಲ್ಕು ದಿನ ದಾಟುತ್ತದೆ. ಬಟ್ಟೆ ಆರಿಸಿ, ಒಗೆದು, ಕತ್ತರಿಸಿ, ಅಂಚು ಮಡಚಿ ಜೋಡಿಸಿದ್ದು ಇದರಲ್ಲಿ ಸೇರಿಲ್ಲ. ತೋಟದ ಕೆಲಸಕ್ಕೆ ಬರುವವರಿಗೆ ನಾವು ಕೊಡುವ ದಿನಗೂಲಿಯನ್ನು ಈ ದಿನಗಳಿಗೆ ಗುಣಿಸಿ ನೋಡು ಎಂದೆ. ಅಜ್ಜಿ ಹೇಳಿದ ಬೆಲೆ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. ನಾದಿನಿ ಅವರು ಕೇಳಿದಷ್ಟು ಕೊಟ್ಟಳು.

ಈ ಲೆಕ್ಕವನ್ನು ನೀವೂ ಇಟ್ಟುಕೊಳ್ಳಿ. ಕೈಹೊಲಿಗೆಯ ದೊಡ್ಡ ಹೊದಿಕೆ ಒಂದು ದಿನದ ಕೂಲಿಯ ಬೆಲೆಗೆ ಸಿಗುತ್ತಿದೆ ಎಂದರೆ ಎರಡರಲ್ಲಿ ಒಂದು. ಅದು ಕೈಹೊಲಿಗೆ ಅಲ್ಲ, ಅಥವಾ ಹೊಲಿದ ಹೆಂಗಸಿಗೆ ಕೂಲಿ ಸಿಕ್ಕಿಲ್ಲ. ಎರಡನೆಯದು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಅಂಗಡಿಯವರನ್ನು ಇದು ಯಾವ ಊರಿನದು, ಯಾರು ಹೊಲಿದದ್ದು ಎಂದು ಕೇಳಲು ಹಿಂಜರಿಯಬೇಡಿ. ನೇರವಾಗಿ ತರಿಸುವವರು ಊರಿನ ಹೆಸರಾದರೂ ಹೇಳುತ್ತಾರೆ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಹಳೆ ಬಟ್ಟೆ ಎಂದರೆ ಕಳಪೆ ಎಂದಲ್ಲ. ನೂರು ಸಲ ನೀರು ಕಂಡ ಹತ್ತಿ ಸೀರೆ ಮೆತ್ತಗಿರುತ್ತದೆ, ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ, ಬಿಡುವ ಬಣ್ಣವನ್ನೆಲ್ಲ ಬಿಟ್ಟಿರುತ್ತದೆ. ಆದರೆ ಹಳತಾಗುವುದು ಬೇರೆ, ಪಿಸಿಯುವುದು ಬೇರೆ. ಕೌದಿಯನ್ನು ಬೆಳಕಿಗೆ ಅಡ್ಡ ಹಿಡಿದರೆ ಸವೆದ ಜಾಗ ಜಾಳುಜಾಳಾಗಿ ಹೊಳೆಯುತ್ತದೆ. ಅಲ್ಲಿ ಎರಡು ಹೆಬ್ಬೆರಳಿಟ್ಟು ಮೆಲ್ಲಗೆ ಎಳೆದು ನೋಡಿ. ಎಳೆ ಬಿಟ್ಟುಕೊಂಡರೆ ಆ ತುಂಡು ಮೊದಲ ಮಳೆಗಾಲವನ್ನೇ ದಾಟುವುದಿಲ್ಲ. ಹಳೆ ರೇಷ್ಮೆಯ ತುಂಡು ಇದ್ದರೆ ಇನ್ನೂ ಹುಷಾರು. ನೋಡಲು ಹೊಳೆಯುತ್ತದೆ, ಮಡಿಕೆಯಲ್ಲಿ ಸೀಳು ಬಿಡುತ್ತದೆ.

ಹತ್ತಿಯ ಪಕ್ಕದಲ್ಲಿ ನೈಲಾನ್, ಪಾಲಿಯೆಸ್ಟರ್ ತುಂಡು ಸೇರಿಸಿದ್ದರೆ ನಾನು ಬಿಟ್ಟು ಬರುತ್ತೇನೆ. ಒಗೆದಾಗ ಹೊಸ ಹತ್ತಿ ಕುಗ್ಗುತ್ತದೆ, ನೈಲಾನ್ ಕುಗ್ಗುವುದಿಲ್ಲ. ಎರಡರ ನಡುವೆ ಹೊಲಿಗೆ ಸಿಕ್ಕಿ ಬಟ್ಟೆ ಉಬ್ಬುತ್ತದೆ. ಗೊತ್ತಾಗದಿದ್ದರೆ ಅಂಚಿನಿಂದ ಒಂದೆಳೆ ನೂಲು ಕೇಳಿ ಪಡೆದು ಬೆಂಕಿಕಡ್ಡಿಗೆ ಹಿಡಿಯಿರಿ. ಹತ್ತಿ ಕಾಗದ ಉರಿದ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯೊಳಗೆ ಮಾತ್ರ ಇದನ್ನು ಮಾಡಬೇಡಿ, ಹೊರಗೆ ಬಂದು ಮಾಡಿ.

ಹೊಸ ಬಟ್ಟೆಯ ಕೌದಿಯಾದರೆ ಬಣ್ಣದ ಪರೀಕ್ಷೆ ಬೇಕೇ ಬೇಕು. ಬಿಳಿ ಕರವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ ಕೆಂಪು, ಕಪ್ಪು, ಕಡುನೀಲಿ ತುಂಡುಗಳ ಮೇಲೆ ಉಜ್ಜಿ. ಬಣ್ಣ ಹತ್ತಿದರೆ ಆ ಕೆಂಪು ನಾಳೆ ಪಕ್ಕದ ಬಿಳಿಗೆ ಹಬ್ಬುತ್ತದೆ. ನಮ್ಮಲ್ಲಿ ಅದು ಇನ್ನೂ ಬೇಗ, ಏಕೆಂದರೆ ಒಗೆದ ಬಟ್ಟೆ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬಟ್ಟೆ ಗರಿಗರಿಯಾಗಿ ಹೊಳೆಯುತ್ತಿದ್ದರೆ ಅದೂ ಅನುಮಾನಕ್ಕೆ ಜಾಗ. ಎರಡು ಬೆರಳ ನಡುವೆ ಹೊಸಕಿದಾಗ ಬಿಳಿ ಪುಡಿ ಬಿದ್ದರೆ ಅದು ಗಂಜಿ. ಗಂಜಿ ಹೋದ ಮೇಲೆ ಉಳಿಯುವ ಬಟ್ಟೆ ಎಷ್ಟು ತೆಳು ಎಂದು ಆಮೇಲೇ ಗೊತ್ತಾಗುವುದು. ಗಂಜಿ ಇರುವ ಬಟ್ಟೆಗೆ ಬೂಷ್ಟೂ ಬೇಗ ಹಿಡಿಯುತ್ತದೆ. ಹಾಗಾಗಿ ಮಳೆಗೆ ಮುಂಚೆ ಒಮ್ಮೆ ಒಗೆದು ಗಂಜಿ ಪೂರ್ತಿ ಬಿಡಿಸಿ.

ತೇಪೆಯ ಚಿತ್ರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರುವುದೂ ಉಂಟು. ದೂರದಿಂದ ನೂರು ತುಂಡು ಜೋಡಿಸಿದಂತೆ ಕಾಣುತ್ತದೆ. ಕಣ್ಣು ಮುಚ್ಚಿ ಅಂಗೈ ಸವರಿ. ನಿಜವಾದ ತುಂಡುಗಳಿದ್ದರೆ ಮಡಚಿದ ಅಂಚಿನ ಏಣು ಕೈಗೆ ಸಿಗುತ್ತದೆ. ಆ ಮಡಿಕೆ ಕಾಲು ಇಂಚಾದರೂ ಒಳಗೆ ಹೋಗಿರಬೇಕು. ಉಗುರಿನಿಂದ ಕೆದಕಿದಾಗ ನೂಲು ಹೊರಬಂದರೆ ಬಟ್ಟೆ ಉಳಿಸಲು ಹೋಗಿದ್ದಾರೆ ಎಂದು ಅರ್ಥ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿ ನಿಮಗೆ ಎಲ್ಲಾದರೂ ಸಿಕ್ಕರೆ ನಿಂತು ನೋಡಿ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರು ಹೊಲಿಯುವ ಕ್ರಮವೇ ಬೇರೆ. ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಪುಟ್ಟ ತ್ರಿಕೋನಗಳನ್ನು ಕೂರಿಸುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬಂದರೆ ಬಟ್ಟೆಯ ಸಡಿಲವೆಲ್ಲ ನಡುವಿಗೆ ತಳ್ಳಿಕೊಂಡು ಬರುತ್ತದೆ. ಅದಕ್ಕೇ ಸಿದ್ದಿ ಕೌದಿಯನ್ನು ನೆಲಕ್ಕೆ ಹಾಸಿ ಮೊದಲು ನಡುಭಾಗ ನೋಡಬೇಕು. ಅಲ್ಲಿ ಉಬ್ಬಿಲ್ಲದೆ ಚಪ್ಪಟೆ ಕೂತಿದ್ದರೆ ಹೊಲಿದವರ ಕೈ ಪಳಗಿದ್ದು. ಬೇರೆ ಕೌದಿಗಳನ್ನು ಉದ್ದಕ್ಕೆ ಒಮ್ಮೆ, ಮೂಲೆಯಿಂದ ಮೂಲೆಗೆ ಒಮ್ಮೆ ಮಡಚಿ ನೋಡಿದರೆ ಸಾಕು, ಸೊಟ್ಟಗಿದ್ದರೆ ಅಲ್ಲೇ ಕಾಣುತ್ತದೆ.

ಮಗುವಿಗೆ ಕೊಳ್ಳುವವರಿಗೆ ಒಂದು ಮಾತು. ಕನ್ನಡಿ, ಮಣಿ, ಗುಂಡಿ, ಝರಿ ಇರುವ ಕೌದಿ ಬೇಡವೇ ಬೇಡ. ಮಗುವಿನ ಬೆರಳು ಸಿಕ್ಕಿಕೊಳ್ಳುವಂಥ ಉದ್ದ ಹೊಲಿಗೆಯೂ ಬೇಡ. ಒಂದು ವರ್ಷದೊಳಗಿನ ಮಗು ಮಲಗಿದಾಗ ಸಡಿಲ ಹೊದಿಕೆ ಮೇಲೆ ಹಾಕಬೇಡಿ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ, ಮುಖಕ್ಕೆ ಬಂದರೆ ಉಸಿರು ಕಟ್ಟುವ ಭಯ. ಎಣ್ಣೆ ಹಚ್ಚುವಾಗ, ಕಣ್ಣೆದುರು ಆಡುವಾಗ ನೆಲಕ್ಕೆ ಹಾಸಲು ಪುಟ್ಟ ಕೌದಿಗಿಂತ ಒಳ್ಳೆಯದಿಲ್ಲ. ಮೂರೇ ಪದರ ಸಾಕು. ದಿನಾ ಒಗೆಯಬೇಕಾಗುತ್ತದೆ.

ವಾಸನೆಯನ್ನೂ ನೋಡಬೇಕು. ಕೌದಿಯನ್ನು ಮಡಚಿದ ಜಾಗದಲ್ಲಿ ಬಿಡಿಸಿ ಮೂಗಿಗೆ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಅದು ಎಲ್ಲೋ ತೇವದ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂತಿತ್ತು. ನಮ್ಮ ಊರಲ್ಲಿ ಅದು ಬಿಡುವುದಿಲ್ಲ. ನುಸಿಗುಳಿಗೆಯ ವಾಸನೆ ತೀರಾ ಗಾಢವಾಗಿದ್ದರೂ ಒಳಗಿನ ಮುಗ್ಗಲನ್ನು ಮುಚ್ಚಿರಬಹುದು.

ಕೊನೆಗೆ ಅಂಚು. ಹೊದಿಕೆ ಮೊದಲು ಸವೆಯುವುದು ಸುತ್ತಲಿನ ಪಟ್ಟಿಯಲ್ಲಿ, ಅದರಲ್ಲೂ ಗಲ್ಲದ ಬಳಿ ಬರುವ ಬದಿಯಲ್ಲಿ. ಪಟ್ಟಿ ಎರಡು ಮಡಿಕೆ ಇರಬೇಕು. ಮೂಲೆಯನ್ನು ಚಿವುಟಿ ನೋಡಿ, ಒಳಗೆ ಬಟ್ಟೆ ತುಂಬಿರಬೇಕು, ಪೊಳ್ಳಾಗಿರಬಾರದು. ಪಟ್ಟಿ ಹರಿದರೆ ಹೆದರಬೇಕಾಗಿಲ್ಲ. ಹಳೆಯದನ್ನು ಬಿಚ್ಚದೆ ಅದರ ಮೇಲೇ ಹೊಸ ಪಟ್ಟಿ ಕೂರಿಸಬಹುದು. ತೇಪೆಯೂ ಹಾಗೆಯೇ, ಕೌದಿಗೆ ಇನ್ನೊಂದು ತುಂಡು ಸೇರಿದರೆ ಎದ್ದು ಕಾಣುವುದಿಲ್ಲ. ರಿಪೇರಿ ಮಾಡಬಹುದಾದ ವಸ್ತು ಎಂದೇ ನಾನು ಕೌದಿಗೆ ಅಷ್ಟು ದುಡ್ಡು ಕೊಡಲು ಹಿಂದೆ ಮುಂದೆ ನೋಡುವುದಿಲ್ಲ.

ಹಾಗಾಗಿ ದುಡ್ಡು ಕೊಡುವಾಗ ಬೆಲೆ ಇಳಿಸಿ ಎನ್ನುವ ಬದಲು ಅದೇ ಬಟ್ಟೆಯ ಒಂದಿಷ್ಟು ಚೂರು, ಅದೇ ದಾರದ ಒಂದು ಮಾರು ಕೇಳಿ. ಹೊಲಿದವರೇ ಮಾರುತ್ತಿದ್ದರೆ ಸಾಮಾನ್ಯವಾಗಿ ಚೀಲದಲ್ಲಿ ಇರುತ್ತದೆ. ಅಜ್ಜಿ ನಾದಿನಿಗೆ ಒಂದು ಹಿಡಿ ಕೊಟ್ಟರು, ಅದರಲ್ಲಿ ಆ ನೀಲಿ ಇಳಕಲ್ಲಿನ ಸೆರಗಿನ ತುಂಡೂ ಇತ್ತು. ಆ ಚೂರುಗಳನ್ನು ಸುಮ್ನೆ ಪೆಟ್ಟಿಗೆಯಲ್ಲಿ ಇಡಬೇಡಿ. ಒಂದು ತೆಳು ಚೀಲಕ್ಕೆ ಹಾಕಿ ಕೌದಿ ಒಗೆಯುವಾಗಲೆಲ್ಲ ಜೊತೆಗೇ ಒಗೆಯಿರಿ. ಬಣ್ಣ ಒಂದೇ ಸಮ ಮಾಸುತ್ತದೆ, ಕುಗ್ಗುವುದೂ ಒಂದೇ ಸಮ ಕುಗ್ಗುತ್ತದೆ. ಒಗೆಯದ ಹೊಸ ಚೂರನ್ನು ತೇಪೆ ಹಾಕಿದರೆ ಮೊದಲ ನೀರಿಗೇ ಅದು ಕುಗ್ಗಿ, ಸುತ್ತಲಿನ ಹಳೆ ಬಟ್ಟೆಯನ್ನು ಎಳೆದು ಹರಿಯುತ್ತದೆ.